ಹಂದಿಮರಿಗಳ ಭೇದಿ ಪರೀಕ್ಷೆಯ ಕಿಟ್: ನಮ್ಮ ಫಾರಂನ ಅನುಭವ

ಮರಿಗಳ ಭೇದಿಗೆ ರೋಟಾ, ಪಿಇಡಿ (ಹಂದಿಗಳ ಸಾಂಕ್ರಾಮಿಕ ಭೇದಿ), ಟಿಜಿಇ (ಹರಡುವ ಜಠರ-ಕರುಳಿನ ಉರಿಯೂತ) ವೈರಸ್‌ಗಳಲ್ಲಿ ಯಾವುದು ಕಾರಣವೆಂದು ಹತ್ತು ನಿಮಿಷದಲ್ಲಿ ತೋರಿಸುವ ಕಿಟ್ ಒಂದನ್ನು ದೊಡ್ಡಬಳ್ಳಾಪುರದ ಬಳಿಯ ನಮ್ಮ ಹಂದಿ ಫಾರಂನಲ್ಲಿ ಎರಡು ಬಾರಿ ಬಳಸಿದ್ದೇವೆ. ಮೊದಲ ಸಲ ಅದು ನಮ್ಮನ್ನು ಉಳಿಸಿತು. ಎರಡನೆಯ ಸಲ ದಾರಿ ತಪ್ಪಿಸಿತು, ಆದರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇತ್ತು.

ಒಂಬತ್ತು ದಿನದ ಮರಿಗಳು ನೀರಿನಂತೆ ಹಳದಿಯಾಗಿ ಭೇದಿ ಮಾಡತೊಡಗಿದಾಗ ತಾಯಿಹಂದಿಗಳು ಎಂದಿನಂತೆ ಫೀಡ್ ತಿನ್ನುತ್ತಿದ್ದವು. ಪಿಇಡಿ ಅಥವಾ ಟಿಜಿಇ ಹೊಸದಾಗಿ ಹೊಕ್ಕ ಕಡೆ ದೊಡ್ಡ ಹಂದಿಗಳಿಗೂ ಭೇದಿಯಾಗುವುದುಂಟು, ಎಳೆಯ ಮರಿಗಳಂತೂ ಬಹುತೇಕ ಉಳಿಯುವುದಿಲ್ಲ; ಆದ್ದರಿಂದ ನಮ್ಮ ಪಶುವೈದ್ಯರ ಸಂಶಯ ರೋಟಾ ಇಲ್ಲವೇ ಇ. ಕೊಲೈ ಬ್ಯಾಕ್ಟೀರಿಯಾದ ಮೇಲಿತ್ತು. ಭೇದಿಗೆ ತಾಗಿಸಿದ ಲಿಟ್ಮಸ್ ಕಾಗದ ಕೆಂಪಾಯಿತು, ಎಂದರೆ ಭೇದಿ ಆಮ್ಲೀಯ. ಇ. ಕೊಲೈ ಭೇದಿ ಸಾಮಾನ್ಯವಾಗಿ ಕ್ಷಾರೀಯವಾಗಿರುತ್ತದೆ. ವೈರಸ್ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡವಿದಾಗಲಾದರೋ ಜೀರ್ಣವಾಗದ ಹಾಲಿನ ಸಕ್ಕರೆ ಹುಳಿತು ಭೇದಿ ಆಮ್ಲೀಯವಾಗುತ್ತದೆ. ಆಮೇಲೆ ಕಿಟ್‌ನಲ್ಲಿ ರೋಟಾದ ಗೆರೆ ಮೂಡಿತು. ಎಲ್ಲ ಮರಿಗಳಿಗೂ ಆಂಟಿಬಯಾಟಿಕ್ ಚುಚ್ಚುವ ಯೋಚನೆಯನ್ನು ಕೈಬಿಟ್ಟು, ಲವಣದ ನೀರು ಕುಡಿಸುವುದಕ್ಕೂ ಮರಿಗಳನ್ನು ಬೆಚ್ಚಗಿಡುವುದಕ್ಕೂ ಗಮನ ಕೊಟ್ಟೆವು. ಕೆಲಸಗಾರರು ಆರೋಗ್ಯವಂತ ಮರಿಗಳನ್ನು ಮೊದಲು ನೋಡಿ, ರೋಗದ ಕೊಠಡಿಗೆ ಕೊನೆಯಲ್ಲಿ ಬೇರೆ ಬೂಟು ಹಾಕಿಕೊಂಡು ಹೋಗುವ ಕ್ರಮವೂ ಅಂದಿನಿಂದಲೇ ಬಂತು.

ಎರಡನೆಯ ಬಾರಿ, ಭೇದಿ ಶುರುವಾಗಿ ಐದನೆಯ ದಿನಕ್ಕೆ ಒಂದೇ ಮರಿಯಿಂದ ಮಾದರಿ ತೆಗೆದೆವು. ಗೆರೆ ಮೂಡಲಿಲ್ಲ. ಅದೇ ಕೊಠಡಿಯಲ್ಲಿ ಆಗಷ್ಟೇ ಭೇದಿ ಆರಂಭವಾದ ಮರಿಗಳ ಮಾದರಿ ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯಲ್ಲಿ ರೋಟಾ ಎಂದೇ ಬಂತು. ಮಲದಲ್ಲಿ ವೈರಸ್ ಹೇರಳವಾಗಿರುವುದು ಆರಂಭದ ದಿನಗಳಲ್ಲಿ. ಇಂಥ ಕಿಟ್‌ಗೆ ಪಿಸಿಆರ್‌ನಷ್ಟು ಸೂಕ್ಷ್ಮತೆಯೂ ಇಲ್ಲ. ಇಷ್ಟು ಮುಖ್ಯವಾದ ಮಾತು ಕಿಟ್‌ನ ಕೈಪಿಡಿಯಲ್ಲಿ ಸಣ್ಣಕ್ಷರದ ಒಂದು ಸಾಲಾಗಿ ಅಡಗಿರುವುದು ನನ್ನ ದೊಡ್ಡ ತಕರಾರು. 30 ಡಿಗ್ರಿಯೊಳಗೆ ಇಡಬೇಕೆಂಬ ಸೂಚನೆಯೂ ಅಲ್ಲೇ ಇದೆ. ನಮ್ಮ ಏಪ್ರಿಲ್‌ಗೆ ಅದು ಲಸಿಕೆಯ ಫ್ರಿಜ್‌ನಲ್ಲೇ ಇರಬೇಕಾಯಿತು.

ಗೆರೆ ಮೂಡಿದರೂ ಕೊಠಡಿ ಶುದ್ಧವಾಗುವುದಿಲ್ಲ. ಕೊಬ್ಬಿನ ಹೊದಿಕೆಯಿಲ್ಲದ ರೋಟಾ ಬಹುಕಾಲ ಬದುಕಿರುತ್ತದೆ. ಸಗಣಿಯ ಮೇಲೆಯೇ ಬ್ಲೀಚಿಂಗ್ ಪುಡಿ ಎರಚುವುದು ವ್ಯರ್ಥ. ಸೋಪಿನ ನೀರಿನಿಂದ ತೊಳೆದು, ಸೋಂಕುನಾಶಕ ಹಾಕಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಗಬ್ಬದ ಹಂದಿಗಳನ್ನು ಒಳಗೆ ಬಿಡುತ್ತಿದ್ದೇವೆ.

ಕಿಟ್ಟನ್ನು ಮತ್ತೆ ಕೊಳ್ಳುತ್ತೇನೆ; ಆದರೆ ಇನ್ನು ಮುಂದೆ ಭೇದಿಯ ಮೊದಲ ದಿನವೇ, ಚಿಕಿತ್ಸೆಗೆ ಮುನ್ನ, ನಾಲ್ಕೈದು ಮರಿಗಳಿಂದ ಮಾದರಿ ತೆಗೆಯುತ್ತೇನೆ.