ಕತ್ತರಿ ಹಾಕಿಸುವ ಮೊದಲು ಕೋಟಿನ ಅಂಚು ಮಗುಚಿ ನೋಡಿ

ಅಪ್ಪನ ಕೋಟನ್ನು ನಾನೇ ಕೈಯಾರೆ ಹಾಳು ಮಾಡಿಸಿದೆ. ಹಾಳು ಮಾಡಿಸಿದ್ದಕ್ಕೆ 850 ರೂಪಾಯಿ ಎಣಿಸಿ ಕೊಟ್ಟು ಬಂದೆ. ಮಡಿಕೇರಿಯಲ್ಲಿ ಮಳೆ ಹಿಂದಾಗುತ್ತಿದೆ. ಇನ್ನು ಎಲ್ಲರ ಮನೆಯಲ್ಲೂ ಬೀರುವಿನ ಬಾಗಿಲು ತೆರೆಯುತ್ತದೆ, ಸ್ವೆಟರು, ಶಾಲು, ಕೋಟುಗಳು ಬಿಸಿಲಿಗೆ ಬರುತ್ತವೆ, ಅವುಗಳ ತೂತುಗಳೂ ಬೆಳಕಿಗೆ ಬರುತ್ತವೆ. ಕಂಡ ಕೂಡಲೇ ಕೋಟನ್ನು ಚೀಲಕ್ಕೆ ತುರುಕಿಕೊಂಡು ಟೈಲರ್ ಅಂಗಡಿಗೆ ಹೊರಡುವವರು ಹತ್ತು ನಿಮಿಷ ಕುಳಿತು ಇದನ್ನು ಓದಿ.

ಕೋಟು ಬೂದು ಬಣ್ಣದ್ದು. ಮೀನಿನ ಮುಳ್ಳಿನ ಹಾಗೆ ಓರೆ ಓರೆ ಗೆರೆಗಳಿರುವ ದಪ್ಪ ಉಣ್ಣೆಯ ನೇಯ್ಗೆ. ಅಪ್ಪ 1981ರಲ್ಲಿ ಮೈಸೂರಿನಲ್ಲಿ ಬಟ್ಟೆ ಕೊಂಡು ಅಲ್ಲೇ ಹೊಲಿಸಿಕೊಂಡಿದ್ದರು. ಅವರು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಬೆಳಗಿನ ಮಂಜಿನಲ್ಲಿ ಆಳುಗಳ ಹಾಜರಿ ಹಾಕಲು ಹೋಗುವಾಗ ಇದನ್ನೇ ತೊಡುತ್ತಿದ್ದರು. ಹಾಜರಿ ಪುಸ್ತಕವನ್ನು ತುರುಕಿ, ತೆಗೆದು, ಮತ್ತೆ ತುರುಕಿ ಬಲಗಡೆಯ ಜೇಬಿನ ಬಾಯಿ ಸವೆದು ನಾರು ನಾರಾಗಿತ್ತು. ಅವರು ಹೋದ ಮೇಲೆ ಕೋಟು ನನಗೆ ಬಂತು. ನನಗೆ ತೊಡೆಯ ಕೆಳಗಿನವರೆಗೂ ಇಳಿಯುತ್ತಿತ್ತು, ಹೆಗಲು ಸ್ವಲ್ಪ ಜೋಲುತ್ತಿತ್ತು. ಆದರೂ ಹದಿನೈದು ಚಳಿಗಾಲ ಅದನ್ನೇ ತೊಟ್ಟೆ.

ಕಳೆದ ವರ್ಷ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಎಷ್ಟು ಸುರಿಯಿತು ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಚಪ್ಪಲಿಯ ಮೇಲೆ, ಬೆಲ್ಟಿನ ಮೇಲೆ, ಗೋಡೆಗೆ ಆನಿಸಿಟ್ಟ ಚಾಪೆಯ ಮೇಲೆ ಬೂಷ್ಟು. ಬೀರುವಿನೊಳಗೆ ಬಲ್ಬು ಉರಿಸಿಡುವುದು ನಮ್ಮ ಮನೆಯ ಹಳೆಯ ಪದ್ಧತಿ. ಆ ಬಲ್ಬು ಜೂನ್‌ನಲ್ಲೇ ಸುಟ್ಟುಹೋಗಿತ್ತು, ಬದಲಾಯಿಸುವ ಸೋಮಾರಿತನದಲ್ಲಿ ಆಗಸ್ಟ್ ಬಂತು. ಕೋಟನ್ನು ಆಗಾಗ ಮುಟ್ಟಿ ನೋಡುತ್ತಿದ್ದೆ, ಒಣಗಿದ ಹಾಗೆಯೇ ಇರುತ್ತಿತ್ತು. ಉಣ್ಣೆ ಮೋಸ ಮಾಡುವುದೇ ಅಲ್ಲಿ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಅದು ಕೈಗೆ ಒದ್ದೆ ಅನ್ನಿಸುವುದಿಲ್ಲ. ಜೇಬಿನಲ್ಲಿ ನಾಲ್ಕು ನುಸಿಗುಳಿಗೆ ಹಾಕಿದ್ದೆ ಎಂಬ ಧೈರ್ಯ ಬೇರೆ. ನುಸಿಗುಳಿಗೆಯ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ದಟ್ಟವಾಗಿ ತುಂಬಿಕೊಂಡರೆ ಮಾತ್ರ ಹುಳುವಿಗೆ ತಟ್ಟುತ್ತದೆ. ನಮ್ಮ ಬೀರುವಿನ ಬಾಗಿಲು ಎರಡು ಬೆರಳು ತೆರೆದೇ ಇರುತ್ತದೆ. ಗುಳಿಗೆಯ ವಾಸನೆ ಬಂದದ್ದು ನಮ್ಮ ಮೂಗಿಗೆ, ಹುಳುವಿಗಲ್ಲ.

ಹೊರಗೆ ತೆಗೆದಾಗ ಹಿಂಭಾಗದ ಕೆಳ ಅಂಚಿನ ಹತ್ತಿರ ಮೂರು ತೂತು, ಎಡತೋಳಿನ ಮೇಲೆ ಒಂದು, ಕಾಲರಿನ ಅಡಿಯಲ್ಲಿ ಒಂದು. ಕಂಕುಳಲ್ಲಿ ಲೈನಿಂಗ್ ಹರಿದಿತ್ತು.

ಇಲ್ಲಿಂದ ನನ್ನ ಬುದ್ಧಿವಂತಿಕೆ ಶುರು. ರಿಪೇರಿ ಮಾಡಿಸಲೋ, ಆಲ್ಟರೇಷನ್ ಮಾಡಿಸಲೋ ಎಂದು ಎರಡು ದಿನ ಯೋಚಿಸಿದೆ. ಐದರಲ್ಲಿ ಮೂರು ತೂತು ಕೆಳಗಿನ ಐದು ಇಂಚಿನೊಳಗೇ ಇವೆ. ಕೋಟು ನನಗೆ ಹೇಗೂ ಉದ್ದ. ಕೆಳಗಿನ ಐದು ಇಂಚು ಕತ್ತರಿಸಿದರೆ ತೂತೂ ಹೋಯಿತು, ಉದ್ದವೂ ಸರಿಹೋಯಿತು. ಉಳಿದ ಎರಡನ್ನು ಆಮೇಲೆ ರಫೂ ಮಾಡಿಸಿದರಾಯಿತು. ಕಾಗದದ ಮೇಲೆ ಬರೆದಿದ್ದರೆ ನೂರಕ್ಕೆ ನೂರು ಅಂಕ ಬೀಳುವಂಥ ಲೆಕ್ಕ. ಅಮ್ಮ ಮಾತ್ರ ಅಡುಗೆಮನೆಯಿಂದಲೇ, “ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುತ್ತಾರೇನೇ?” ಎಂದರು. ಅಮ್ಮನಿಗೆ ಹಳೆಯದರ ಮೇಲೆ ಮೋಹ ಎಂದುಕೊಂಡು ಸುಮ್ಮನಾದೆ.

ಒಂದು ಶುಕ್ರವಾರ, ಸಂತೆಗೆ ಹೋದವಳು ಕೋಟನ್ನೂ ಒಯ್ದೆ. ಟೈಲರ್ ಯಾರು, ಅಂಗಡಿ ಎಲ್ಲಿ ಎಂದು ಹೇಳುವುದಿಲ್ಲ. ಆತ ಕೆಟ್ಟ ಕೆಲಸಗಾರನಲ್ಲ, ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನನ್ನದು. ಅಂಗಡಿಯಲ್ಲಿ ಸುಗ್ಗಿಯ ಹಬ್ಬ ಹುತ್ತರಿಗೆಂದು ಹೊಲಿದ ಮೂರು ಕರಿಯ ಕುಪ್ಯಗಳು, ಕೊಡವ ಗಂಡಸರ ನಿಲುವಂಗಿಗಳು, ಸಾಲಾಗಿ ತೂಗುತ್ತಿದ್ದವು. ಹೊಲಿಗೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗಿರಲಿಲ್ಲ. ಅದನ್ನು ನೋಡಿಯೇ ನಾನು ಸೋತದ್ದು. ಹೊಸ ಬಟ್ಟೆಯಲ್ಲಿ ಕುಪ್ಯ ಹೊಲಿಯುವುದು ಒಂದು ವಿದ್ಯೆ, ನಲವತ್ತು ವರ್ಷ ತೊಟ್ಟ ಕೋಟನ್ನು ಬಿಚ್ಚಿ ಮತ್ತೆ ಕೂಡಿಸುವುದು ಬೇರೆಯೇ ವಿದ್ಯೆ. ಒಂದು ಬಲ್ಲವರಿಗೆ ಇನ್ನೊಂದು ಬರಲೇಬೇಕೆಂದೇನೂ ಇಲ್ಲ. “ನೀವು ಹಳೆಯ ಉಣ್ಣೆಯ ಕೋಟು ಬಿಚ್ಚಿದ್ದೀರಾ? ಮಾಡಿದ್ದು ಒಂದನ್ನು ತೋರಿಸಿ” ಎಂದು ಕೇಳಬೇಕಿತ್ತು. ಸಂಕೋಚವಾಯಿತು, ಕೇಳಲಿಲ್ಲ.

“ಐದು ಇಂಚು ತೆಗೆಯಬೇಕಲ್ಲವೇ ಅಕ್ಕಾ? ಕೈಲು ಮುಹೂರ್ತ ಮುಗಿದ ಮೇಲೆ ಬನ್ನಿ” ಎಂದು, ಸೆಪ್ಟೆಂಬರ್ ಆರಂಭದ ಆ ಆಯುಧಪೂಜೆ ಹಬ್ಬದ ಗಡುವು ಹೇಳಿ, ಅವರು ಚೀಟಿ ಹರಿದು ಕೊಟ್ಟರು. ಅದರಲ್ಲಿ ಬರೆದಿದ್ದದ್ದು ಇಷ್ಟೇ: ಕೋಟು 1, ಆಲ್ಟರೇಷನ್, 850. ಎಷ್ಟು ಕತ್ತರಿಸುವುದು, ಅಂಚು ಎಷ್ಟು ಮಡಚುವುದು, ಕೈಹೊಲಿಗೆಯೋ ಮಿಷನ್ ಹೊಲಿಗೆಯೋ, ಒಂದಕ್ಕೂ ಅಕ್ಷರವಿಲ್ಲ. ಕೋಟನ್ನು ಹಾಕಿಕೊಂಡು ನಿಂತು ಗುರುತು ಮಾಡಿಸುವ ಕೆಲಸವೂ ಆಗಲಿಲ್ಲ. ಮೇಜಿನ ಮೇಲೆ ಹರಡಿ, ಟೇಪು ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದಷ್ಟೇ.

ಕೈಲು ಮುಹೂರ್ತ ಹೋಗಿ, ಕಾವೇರಿ ತೀರ್ಥೋದ್ಭವವೂ ಕಳೆದು, ಕೋಟು ಕೈಗೆ ಬಂದದ್ದು ಅಕ್ಟೋಬರ್ ಕೊನೆಗೆ. ಮನೆಗೆ ಬಂದು ಹಾಕಿಕೊಂಡು ಅಭ್ಯಾಸದಂತೆ ಜೇಬಿಗೆ ಕೈ ಹಾಕಿದೆ. ಬೆರಳುಗಳು ಅರ್ಧಕ್ಕೇ ನಿಂತವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೋಟು ಗಿಡ್ಡ ಮಾಡಿಸುವವರು ಯಾರೂ ಇದನ್ನು ಯೋಚಿಸುವುದಿಲ್ಲ. ಜೇಬಿನ ಬಾಯಿ ಹೊರಗೆ ಕಾಣುತ್ತದೆ, ಜೇಬಿನ ಚೀಲ ಒಳಗೆ, ಲೈನಿಂಗಿನ ಹಿಂದೆ ಇಳಿಬಿದ್ದಿರುತ್ತದೆ. ನನ್ನ ಕೋಟಿನಲ್ಲಿ ಬಾಯಿಯಿಂದ ಅಂಚಿಗೆ ಹನ್ನೊಂದು ಇಂಚು ಇತ್ತು, ಚೀಲ ಏಳು ಇಂಚು ಆಳವಿತ್ತು. ಐದು ಇಂಚು ಹೋದ ಮೇಲೆ ಉಳಿದದ್ದು ಆರು. ಏಳು ಇಂಚಿನ ಚೀಲ ಆರು ಇಂಚಿನೊಳಗೆ ಹೇಗೆ ಅಡಗಬೇಕು? ಕೆಳಗಿನಿಂದ ಇಣುಕಿತು. ಅದಕ್ಕೆ ಅವರು ಎರಡೂ ಚೀಲಗಳನ್ನು ನಡುವಿನಲ್ಲೇ ಅಡ್ಡಲಾಗಿ ಹೊಲಿದು, ಕೆಳಗಿನದನ್ನು ಕತ್ತರಿಸಿ ಹಾಕಿದ್ದರು. ಅಪ್ಪನ ಹಾಜರಿ ಪುಸ್ತಕ ಹಿಡಿಯುತ್ತಿದ್ದ ಜೇಬಿನಲ್ಲಿ ಈಗ ನನ್ನ ಮೊಬೈಲ್ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಕುಳಿತರೆ ಜಾರಿ ಸೀಟಿನ ಕೆಳಗೆ ಬೀಳುತ್ತದೆ.

ಜೇಬಿನ ಬಾಯಿ ಮೊದಲು ಕೋಟಿನ ನಡುವಿನಲ್ಲಿ ಕಾಣುತ್ತಿತ್ತು, ಈಗ ಅಂಚಿನ ನೆತ್ತಿಯ ಮೇಲೆ ಕುಳಿತ ಹಾಗಿದೆ. ಹಿಂಭಾಗದ ಸೀಳು ಎರಡು ಇಂಚಿನ ಮೋಟು ಬಾಲವಾಗಿದೆ. ಮೊದಲು ಅಂಚನ್ನು ಎರಡು ಇಂಚು ಒಳಕ್ಕೆ ಮಡಚಿ, ಹೊರಗೆ ಕಾಣದಂತೆ ಕೈಹೊಲಿಗೆ ಹಾಕಿದ್ದರು. ಈಗ ಅರ್ಧ ಇಂಚು ಮಡಚಿ ಮಿಷನ್ ಓಡಿಸಿದ್ದಾರೆ. ಸಾಲದ್ದಕ್ಕೆ, ಮೇಲೆ ಬಟ್ಟೆ ಹಾಸದೆ ಕಾದ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಉಣ್ಣೆಯ ಮೇಲೆ ಒತ್ತಿದ್ದರಿಂದ ಅಂಚಿನುದ್ದಕ್ಕೂ ಹಳೆಯ ಪ್ಯಾಂಟಿನ ಕೂರುವ ಭಾಗದಂತೆ ಮಿರಿಮಿರಿ ಹೊಳಪು.

ಮರುದಿನ ಹೋಗಿ ಕೇಳಿದೆ: “ಕತ್ತರಿಸಿದ ಬಟ್ಟೆ ಎಲ್ಲಿದೆ ಮಾಸ್ಟರೇ?”

“ಅದೇ? ಚೂರನ್ನು ಯಾರು ಇಟ್ಟುಕೊಳ್ಳುತ್ತಾರೆ ಅಕ್ಕಾ! ಅವತ್ತೇ ಗುಡಿಸಿ ಹಾಕಿದೆವು.”

ನಾನು ಕೇಳಿದ್ದೂ ಸುಮ್ಮನೆ, ನೆನಪಿಗೆ ಇರಲಿ ಎಂದು. ಆ ಚೂರಿನ ಬೆಲೆ ಗೊತ್ತಾದದ್ದು ಮೈಸೂರಿನಲ್ಲಿ. ಉಳಿದ ತೂತುಗಳಿಗಾಗಿ ನೂರಿಪ್ಪತ್ತು ಕಿಲೋಮೀಟರ್ ದೂರದ ಒಬ್ಬ ರಫೂ ಕೆಲಸದವರ ಹತ್ತಿರ ಹೋದೆ. ವಯಸ್ಸಾದವರು, ಮೆಟ್ಟಿಲಿನ ಕೆಳಗೆ ಒಂದು ಸ್ಟೂಲು, ಒಂದು ಭೂತಗನ್ನಡಿ. ಕೋಟನ್ನು ಬೆಳಕಿಗೆ ಹಿಡಿದು, ಬದಿಯ ಹೊಲಿಗೆಯೊಳಗಿನಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟು ಮೂಸಿದರು. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. “ಅಪ್ಪಟ ಉಣ್ಣೆ. ಪಾಲಿಯೆಸ್ಟರ್ ಬೆರೆತ ಟೆರಿವೂಲ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು” ಎಂದರು. ಆಮೇಲೆ ಕೈ ಚಾಚಿ, “ಚೂರು ಕೊಡಿ” ಎಂದರು.

“ಯಾವ ಚೂರು?”

“ಗಿಡ್ಡ ಮಾಡಿಸಿದ್ದೀರಲ್ಲಮ್ಮ, ಆ ಚೂರು.”

ರಫೂ ಎಂದರೆ ಸೂಜಿಯಲ್ಲಿ ಅದೇ ಬಣ್ಣದ ದಾರ ಹಾಕಿ ತೂತು ಮುಚ್ಚುವುದು ಎಂದು ನಾನು ತಿಳಿದಿದ್ದೆ. ಅಲ್ಲ. ಆ ಬಟ್ಟೆಯದೇ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆದು, ಹಾಸು ಹೊಕ್ಕುಗಳನ್ನು ಎಣಿಸಿ, ತೂತಿದ್ದ ಜಾಗದಲ್ಲಿ ಬಟ್ಟೆಯನ್ನು ಮತ್ತೆ ನೇಯುವುದು. ತೂತು ದೊಡ್ಡದಾದರೆ ಅದೇ ಬಟ್ಟೆಯ ಚಿಕ್ಕ ತುಂಡನ್ನು ಗೆರೆಗೆ ಗೆರೆ ಕೂಡಿಸಿ ಇಟ್ಟು, ಅದರ ನಾಲ್ಕು ಬದಿಯ ಎಳೆಗಳನ್ನು ಕೋಟಿನೊಳಗೆ ನೇಯ್ದುಬಿಡುತ್ತಾರೆ. ನಲವತ್ತು ವರ್ಷ ಮಾಗಿದ ಆ ಬೂದು ಬಣ್ಣ ಅಂಗಡಿಯ ಯಾವ ದಾರದಲ್ಲೂ ಸಿಗುವುದಿಲ್ಲ, ಕೋಟಿನಲ್ಲಿ ಮಾತ್ರ ಸಿಗುತ್ತದೆ. ಅದು ಇರುವುದು ಮಡಚಿದ ಅಂಚಿನಲ್ಲಿ, ಬದಿಯ ಹೊಲಿಗೆಯೊಳಗೆ ಉಳಿಸಿದ ಬಟ್ಟೆಯಲ್ಲಿ. ನಾನು ಆ ಅಂಚನ್ನೇ, ಕೋಟಿನ ಸುತ್ತಳತೆಯಷ್ಟು ಉದ್ದ, ಐದು ಇಂಚು ಅಗಲದ ಪಟ್ಟಿಯನ್ನೇ, ಕಸದ ಬುಟ್ಟಿಗೆ ಕಳಿಸಿದ್ದೆ. “ಅಷ್ಟು ಬಟ್ಟೆಯಲ್ಲಿ ಐದೂ ತೂತು ಮುಚ್ಚಿ, ಜೇಬಿನ ಬಾಯಿಗೂ ಪಟ್ಟಿ ಕೊಡುತ್ತಿದ್ದೆನಲ್ಲಮ್ಮ” ಎಂದರು. ಕತ್ತರಿಸುವ ಅಗತ್ಯವೇ ಇರಲಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದಸ್ಥರು.

ಆದರೆ ಅವತ್ತು ಅವರು ಕೆಲಸಕ್ಕೂ ತೆಗೆದುಕೊಳ್ಳಲಿಲ್ಲ. ಕಾಲರನ್ನು ಮಗುಚಿ ಉಗುರಿನಿಂದ ಏನನ್ನೋ ಕೆರೆದು ತೋರಿಸಿದರು. ಅಕ್ಕಿಕಾಳಿನಷ್ಟು ಉದ್ದದ, ಬಿಳಿ ನೂಲಿನ ಕೊಳವೆಯಂಥದ್ದು. “ಒಳಗೆ ಬಾಡಿಗೆದಾರರು ಇನ್ನೂ ಇದ್ದಾರೆ. ಇವರನ್ನು ಖಾಲಿ ಮಾಡಿಸಿ ಬನ್ನಿ, ಇಲ್ಲದಿದ್ದರೆ ನನ್ನ ಹತ್ತಿರವಿರುವ ಬೇರೆಯವರ ಬಟ್ಟೆಗೂ ದಾಟುತ್ತಾರೆ.” ಹಾರುವ ಪುಟ್ಟ ಪತಂಗವನ್ನು ಹೊಡೆದು ಗೆದ್ದೆವು ಎಂದುಕೊಳ್ಳುತ್ತೇವೆ. ಅದು ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು, ಅದೂ ಬೆವರು, ಎಣ್ಣೆ, ಸಾರಿನ ಕಲೆ ಇರುವ ಜಾಗವನ್ನೇ ಹುಡುಕಿ. ಕಾಲರಿನ ಅಡಿ ಅದಕ್ಕೆ ಹಬ್ಬದೂಟ. ನಾನು ಟೈಲರಿಗೆ ಕೊಡುವ ಮೊದಲು ಕೋಟನ್ನು ಬ್ರಷ್‌ನಿಂದ ಉಜ್ಜಿಯೂ ಇರಲಿಲ್ಲ. ಆ ಮೂರು ಕುಪ್ಯಗಳು ಏನಾದವೋ ಎಂದು ಈಗಲೂ ಒಮ್ಮೊಮ್ಮೆ ಕಳವಳವಾಗುತ್ತದೆ.

ಕೋಟು ಮರಳಿ ಮಡಿಕೇರಿಗೆ ಬಂತು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಬಾಯಿ ಬಿಗಿದು ಪಕ್ಕದ ಮನೆಯ ದೊಡ್ಡ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟೆವು, ಅವರ ಬಂಗುಡೆ ಮೀನಿನ ಪಕ್ಕದಲ್ಲಿ. ಹೊರಗೆ ತೆಗೆದ ಮೇಲೆ ಚಳಿ ಪೂರ್ತಿ ಬಿಡುವ ತನಕ ಚೀಲ ಬಿಚ್ಚಬಾರದು, ಬಿಚ್ಚಿದರೆ ಗಾಳಿಯ ತೇವವೆಲ್ಲ ನೀರಾಗಿ ಉಣ್ಣೆಯ ಮೇಲೆ ಕೂರುತ್ತದೆ. ಬಿಸಿನೀರಿನಲ್ಲಿ ಒಗೆದುಬಿಡೋಣ ಎಂದು ನಮ್ಮ ಮನೆಗೆ ಬಂದವರೊಬ್ಬರು ಸಲಹೆ ಕೊಟ್ಟರು. ದಯವಿಟ್ಟು ಅದೊಂದನ್ನು ಮಾಡಬೇಡಿ. ಬಿಸಿ, ನೀರು, ಉಜ್ಜಾಟ ಮೂರೂ ಸೇರಿದರೆ ಉಣ್ಣೆಯ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ಕಂಬಳಿಯಂತಾಗುತ್ತದೆ. ಮತ್ತೆ ಹಿಗ್ಗುವುದಿಲ್ಲ.

ಎರಡನೆಯ ಸಲ ಹೋದಾಗ ರಫೂ ಕೆಲಸದವರು ಬದಿಯ ಹೊಲಿಗೆಯೊಳಗಿನಿಂದ ಸಿಕ್ಕಷ್ಟು ಎಳೆ ತೆಗೆದು ತೋಳಿನ ತೂತನ್ನು ಮುಚ್ಚಿಕೊಟ್ಟರು. ಎಲ್ಲಿತ್ತು ಎಂದು ನಾನೇ ಹುಡುಕಬೇಕು. ಕಾಲರಿನ ಅಡಿಯದನ್ನು ಹಾಗೇ ಬಿಡಲು ಹೇಳಿದರು: “ಅಲ್ಲಿ ಯಾರು ನೋಡುತ್ತಾರೆ? ಎಳೆ ಉಳಿಸಿಕೊಳ್ಳೋಣ.” ಕಂಕುಳ ಲೈನಿಂಗನ್ನು ಅಮ್ಮ ಮನೆಯಲ್ಲೇ ಹಾಕಿದರು. ಅದಕ್ಕೆ ಯಾರೂ ಬೇಕಾಗಿರಲಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಮೊದಲು ಹುಳುವಿಗೆ ದಾರಿ ತೋರಿಸಿ, ಆಮೇಲೆ ರಫೂ, ತೀರಾ ಆಮೇಲೆ ಕತ್ತರಿ. ಬದಿ ಬಿಗಿ ಮಾಡುವುದು, ಲೈನಿಂಗ್ ಬದಲಾಯಿಸುವುದು, ತೋಳನ್ನು ಒಂದಿಂಚು ಏರಿಸುವುದು ಒಳ್ಳೆಯ ಟೈಲರಿಗೆ ದೊಡ್ಡ ಕೆಲಸವಲ್ಲ. ಹೆಗಲಿಗೆ ಕೈ ಹಾಕಿಸಬೇಡಿ, ಅದು ಕೋಟನ್ನೇ ಹೊಸದಾಗಿ ಕಟ್ಟಿದಂತೆ. ಗಿಡ್ಡ ಮಾಡಲೇಬೇಕಿದ್ದರೆ ಜೇಬಿನೊಳಗೆ ಸ್ಕೇಲು ಇಳಿಸಿ ಚೀಲದ ಆಳ ಅಳೆದುಕೊಂಡೇ ಮಾತನಾಡಿ. ಕತ್ತರಿಸುವ ಬದಲು ಒಳಕ್ಕೆ ಮಡಚಿ ಕಚ್ಚಾ ಹೊಲಿಗೆ ಹಾಕಿಸಿ ವಾರ ತೊಟ್ಟು ನೋಡಿ. ಚೂರು ಸಮೇತ ವಾಪಸು ಎಂದು ಚೀಟಿಯಲ್ಲಿ ಬರೆಸಿ. ಗುಂಡಿಗಳನ್ನೂ ಎಣಿಸಿ ಬರೆಸಿ. ನನ್ನ ಕೋಟಿನ ತೋಳಿನ ತುದಿಯ ಒಂದು ಗುಂಡಿ ಯಾವಾಗ ಬದಲಾಯಿತೋ ಇವತ್ತಿಗೂ ಗೊತ್ತಿಲ್ಲ.

ಮೊನ್ನೆ ಸೋಮವಾರಪೇಟೆಯಿಂದ ತಮ್ಮ ಫೋನ್ ಮಾಡಿದ್ದ. ಅವನ ಮದುವೆಯ ಕೋಟಿನ ಮೊಣಕೈ ಹತ್ತಿರ ತೂತಾಗಿದೆಯಂತೆ, “ತೋಳು ಕತ್ತರಿಸಿ ವೇಸ್ಟ್‌ಕೋಟ್ ಮಾಡಿಸಿಬಿಡಲೇ ಅಕ್ಕಾ?” ಎಂದ. ಕತ್ತರಿಯ ಸುದ್ದಿ ಆಮೇಲೆ, ಮೊದಲು ಅಂಚು ಮಗುಚಿ ಒಳಗೆ ಎಷ್ಟು ಬಟ್ಟೆ ಇದೆ ಎಂದು ಫೋಟೋ ತೆಗೆದು ಕಳಿಸು ಎಂದೆ. ನಾಲ್ಕು ದಿನವಾಯಿತು, ಫೋಟೋ ಬಂದಿಲ್ಲ. ಇವತ್ತು ಸಂಜೆ ನಾನೇ ಫೋನ್ ಮಾಡುತ್ತೇನೆ.