ಸ್ವಂತ ಬೇಸೋ, ಕಾರ್ಸೋ? ಕಾಸರಗೋಡಿನ ಗುಡ್ಡೆ-ತೋಟಗಳಲ್ಲಿ ಎರಡನ್ನೂ ಹಿಡಿದು ನೋಡಿದ ಮೇಲೆ

ಕಾಸರಗೋಡಿನ ಕಡೆ ಖಾಸಗಿಯಾಗಿ ಜಾಗ ಅಳೆಯುವವರು ನಾಲ್ಕು ಜನ ಸೇರಿದರೆ ಈಗ ಇದೇ ಮಾತು. ರೋವರ್ ಒಂದನ್ನೇ, ಅಂದರೆ ಹಿಡಿದು ತಿರುಗುವ ಉಪಗ್ರಹ ರಿಸೀವರ್ ಒಂದನ್ನೇ ಕೊಂಡು, ಕಾರ್ಸ್ (ಒಂದೇ ಜಾಗದಲ್ಲಿ ನಿಂತು ಸದಾ ನಡೆಯುವ ಸರ್ಕಾರಿ ಸ್ಟೇಷನ್‌ಗಳು) ಕಳಿಸುವ ಕರೆಕ್ಷನ್, ಅಂದರೆ ತಿದ್ದುಪಡಿಯನ್ನು ಮೊಬೈಲ್ ಡೇಟಾದಲ್ಲಿ ಹಿಡಿಯುವುದಾ? ಇಲ್ಲ, ಒಂದೇ ಕಡೆ ನಿಲ್ಲಿಸುವ ನಮ್ಮದೇ ಬೇಸ್ ಮತ್ತು ರೋವರ್ ಜೋಡಿ ಕೊಂಡು, ಕರೆಕ್ಷನ್ನನ್ನು ರೇಡಿಯೋದಲ್ಲಿ ಕಳಿಸಿ ನಡೆಸುವುದಾ? ಕೇರಳ ಸರ್ಕಾರದ ಡಿಜಿಟಲ್ ಮರುಸರ್ವೆ 'ಎನ್ಟೆ ಭೂಮಿ' 2022ರ ನವೆಂಬರ್ 1ರಂದು ಶುರುವಾಯಿತು. ಅದಕ್ಕಾಗಿ ರಾಜ್ಯದಲ್ಲಿ 28 ಕಾರ್ಸ್ ಸ್ಟೇಷನ್‌ಗಳನ್ನು ನಿಲ್ಲಿಸಿದರು. ಅಲ್ಲಿಂದ ಮೇಲೆ ಚರ್ಚೆ ಜೋರಾಗಿದೆ. ನಾನು ಮಂಜೇಶ್ವರದಿಂದ ಅಡೂರಿನವರೆಗೆ ಎರಡನ್ನೂ ಬಳಸಿದ್ದೇನೆ. ನನಗೆ ಕಂಡದ್ದು ಇಷ್ಟು.

ಎರಡರ ಒಳಗುಟ್ಟು ಒಂದೇ. ಜಿಪಿಎಸ್ ಉಪಗ್ರಹ ಇರುವುದು 20,200 ಕಿ.ಮೀ. ಮೇಲೆ. ಅಲ್ಲಿಂದ ಬರುವ ಸಿಗ್ನಲ್ ದಾರಿಯಲ್ಲಿ ಕೆಡುತ್ತದೆ. ಎಷ್ಟು ಕೆಟ್ಟಿದೆ ಅಂತ ಗೊತ್ತಿರುವ ಜಾಗದಲ್ಲಿ ನಿಂತ ಇನ್ನೊಂದು ರಿಸೀವರ್ ಹೇಳುತ್ತದೆ, ರೋವರ್ ಅದನ್ನು ಕಳೆದು ಲೆಕ್ಕ ಹಾಕುತ್ತದೆ. ಲೆಕ್ಕ ಗಟ್ಟಿಯಾದರೆ ಫಿಕ್ಸ್, ಸೆಂಟಿಮೀಟರಿನ ಮಾತು. ಗಟ್ಟಿಯಾಗದಿದ್ದರೆ ಫ್ಲೋಟ್. ಫ್ಲೋಟಿನಲ್ಲಿ ಗಡಿಕಲ್ಲು ಹಾಕುವವನ ಜತೆ ನಾನು ಕೆಲಸಕ್ಕೆ ಹೋಗುವುದಿಲ್ಲ. ಇನ್ನು ಮೊಬೈಲಿನ ಆ್ಯಪ್ ಈ ಹೋಲಿಕೆಯಲ್ಲೇ ಇಲ್ಲ. ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಪೊದೆಯೊಳಗೆ ಹಳೇ ಸರ್ವೆಕಲ್ಲು ಯಾವ ಕಡೆ ಇದ್ದೀತು ಅಂತ ಹುಡುಕಲು ಸಾಕು.

ಪೈವಳಿಕೆ ಕಡೆಯ ಪದವುಗಳಲ್ಲಿ ಕಾರ್ಸ್‌ಗೆ ಎದುರಿಲ್ಲ. ಮುರಕಲ್ಲಿನ ಬೋಳು ನೆಲ, ಸುತ್ತ ಆಕಾಶ, ಮೊಬೈಲ್ ನೆಟ್‌ವರ್ಕ್ ಚೆನ್ನಾಗಿದೆ. ರೋವರ್ ಕೂರಿಸಿದ ಕೋಲು, ಅಂದರೆ ಪೋಲ್ ಊರಿ ನಿಂತರೆ ನಿಮಿಷದೊಳಗೆ ಫಿಕ್ಸ್. ಬೇಸ್ ಇಟ್ಟರೆ ಅದನ್ನು ಕಾಯಲು ಒಬ್ಬ ಬೇಕು. ಮೇಯಲು ಬಂದ ದನ ಟ್ರೈಪಾಡಿಗೆ ಮೈ ಉಜ್ಜಿದರೆ ಆವತ್ತಿನ ಅಳತೆ ಮುಗಿಯಿತು ಅಂತಲೇ ಲೆಕ್ಕ.

ಆದರೆ ಗುಡ್ಡೆ ಇಳಿದು ಪೆರ್ಲ, ಎಣ್ಮಕಜೆ ಕಡೆಯ ತೋಟಕ್ಕೆ ಬನ್ನಿ. ಕತೆ ಉಲ್ಟಾ. ತೋಡಿನ ಬದಿಯಲ್ಲಿ ಮೊಬೈಲಿನ ಕಡ್ಡಿ ಒಂದೊಂದೇ ಮಾಯವಾಗುತ್ತದೆ. ರೋವರ್ ನಡೆಸುವ ಕೈಯಂತ್ರದಲ್ಲಿ, ಅಂದರೆ ಕಂಟ್ರೋಲರಿನಲ್ಲಿ, ಕರೆಕ್ಷನ್ನಿನ ವಯಸ್ಸು ಅಂತ ಒಂದು ಅಂಕಿ ಇದೆ, ಸೆಕೆಂಡಿನಲ್ಲಿ. ಅದು ಒಂದೆರಡರಲ್ಲಿ ನಿಲ್ಲಬೇಕು. ಹತ್ತು, ಮೂವತ್ತು ಅಂತ ಏರತೊಡಗಿದರೆ ರೋವರ್ ಹಳಸಿದ ಸುದ್ದಿ ಇಟ್ಟುಕೊಂಡು ಲೆಕ್ಕ ಹಾಕುತ್ತಿದೆ ಅಂತ ಅರ್ಥ. ಅಂಥಲ್ಲಿ ಗುಡ್ಡೆಯ ನೆತ್ತಿಯಲ್ಲಿ ಬೇಸ್ ಇಟ್ಟು, ರೇಡಿಯೋ ಆಂಟೆನಾವನ್ನು ಎತ್ತರದ ಕೋಲಿಗೆ ಕಟ್ಟಿದರೆ ಕೆಳಗಿನ ತೋಟಕ್ಕೆ ಸುದ್ದಿ ಸಲೀಸಾಗಿ ಬರುತ್ತದೆ. ನಡುವೆ ಇನ್ನೊಂದು ಗುಡ್ಡೆ ಅಡ್ಡ ಬರಬಾರದು, ಅಷ್ಟೇ.

ಅಡಿಕೆ ಮರದ ಕೆಳಗೆ ಮಾತ್ರ ಎರಡೂ ಸೋಲುತ್ತವೆ. ಅದರಲ್ಲೂ ಮಳೆಗಾಲದ ಒದ್ದೆ ಸೋಗೆಯ ಕೆಳಗೆ. ಫಿಕ್ಸ್ ಸಿಗದಿದ್ದರೆ ತೊಂದರೆ ಇಲ್ಲ, ಸುಳ್ಳು ಫಿಕ್ಸ್ ಸಿಕ್ಕಿದರೆ ತೊಂದರೆ. ಪರದೆ ಹಸಿರು ತೋರಿಸುತ್ತದೆ, ಓದು ಅರ್ಧ ಮೀಟರ್ ಆಚೆ ಇರುತ್ತದೆ. ಪಕ್ಕದವರ ಜತೆ ಮೊದಲೇ ಮಾತಿಲ್ಲದ ಗಡಿಯಲ್ಲಿ ಅರ್ಧ ಮೀಟರ್ ಅಂದರೆ ಕೋರ್ಟು. ಹಾಗಾಗಿ ಮರದಡಿಯ ಪ್ರತಿ ಬಿಂದುವಿನಲ್ಲೂ ಫಿಕ್ಸ್ ಬಿಡಿಸಿ, ಮತ್ತೆ ಹಿಡಿಸಿ, ಎರಡು ಓದು ಎರಡು-ಮೂರು ಸೆಂಟಿಮೀಟರಿನೊಳಗೆ ಕೂಡುತ್ತದಾ ನೋಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇನ್ನೂ ಒಳ್ಳೆಯದು, ಅಷ್ಟರಲ್ಲಿ ಉಪಗ್ರಹಗಳ ಜಾಗ ಬದಲಾಗಿರುತ್ತದೆ. ಕೂಡದಿದ್ದರೆ ಬಯಲಲ್ಲಿ ಎರಡು ಬಿಂದು ಹಿಡಿದು ಟೋಟಲ್ ಸ್ಟೇಷನ್ನಿನಲ್ಲಿ (ಉಪಗ್ರಹ ಬೇಡದೆ ಕೋನ, ದೂರ ಅಳೆಯುವ ಯಂತ್ರ) ತೋಟದೊಳಗೆ ಹೋಗುವುದು.

ಇನ್ನೊಂದು ವಿಷಯವನ್ನು ಯಂತ್ರ ಮಾರುವವರು ಯಾರೂ ಹೇಳುವುದಿಲ್ಲ. ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ. ಇಲ್ಲಿ ಅಯಾನುಗೋಳದ, ಅಂದರೆ ಸಿಗ್ನಲ್ ಕೆಡಿಸುವ ಮೇಲಿನ ವಾಯುಪದರದ ಕಾಟ ಜಾಸ್ತಿ. ಮಧ್ಯಾಹ್ನ ಎರಡರ ಆಸುಪಾಸು ಅದು ದಟ್ಟವಾಗಿರುತ್ತದೆ. ವಿಷುವದ ತಿಂಗಳುಗಳಲ್ಲಿ, ಅಂದರೆ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಸೂರ್ಯ ಮುಳುಗಿದ ಮೇಲೆ ಸಿಗ್ನಲ್ಲೇ ಮಿಣಕ್ ಮಿಣಕ್ ಅನ್ನುತ್ತದೆ. ಸೂರ್ಯನ ಚಟುವಟಿಕೆ ಏರಿದ 2024ರ ಸುಮಾರಿಗೆ ಇದು ಹೆಚ್ಚಾಗಿ ಕಂಡಿತು. ಮಧ್ಯಾಹ್ನದ ಕಾಟಕ್ಕೆ ಸ್ವಂತ ಬೇಸ್ ಒಳ್ಳೆಯ ಮದ್ದು. ಬೇಸ್ ಒಂದೆರಡು ಕಿ.ಮೀ. ದೂರದಲ್ಲಿದ್ದರೆ ಅದಕ್ಕೂ ರೋವರಿಗೂ ಕಾಣುವ ಆಕಾಶ ಒಂದೇ, ತಪ್ಪು ಬಹುತೇಕ ಕಳೆದುಹೋಗುತ್ತದೆ. ಕಾರ್ಸ್‌ನಲ್ಲಿ ದೂರದ ಒಂದೇ ಸ್ಟೇಷನ್ ಹಿಡಿದರೆ ಹಾಗಾಗುವುದಿಲ್ಲ. ಹೀಗೆ ನಿಂತಲ್ಲೇ ಕರೆಕ್ಷನ್ ಹಿಡಿದು ಅಳೆಯುವುದಕ್ಕೆ ಆರ್‌ಟಿಕೆ ಅನ್ನುತ್ತಾರೆ, ಅದರ ತಪ್ಪಿನ ಮಾಮೂಲಿ ಲೆಕ್ಕ 8 ಮಿ.ಮೀ., ಮೇಲೆ ಕಿ.ಮೀ.ಗೆ 1 ಮಿ.ಮೀ. ಮೂವತ್ತು ಕಿ.ಮೀ. ದೂರಕ್ಕೆ ಅದೇ ಮೂರು ಸೆಂಟಿಮೀಟರ್ ಸೇರಿತು, ಅಲ್ವಾ? ಸಂಜೆಯ ಮಿಣುಕಿಗೆ ಎರಡರಲ್ಲೂ ಮದ್ದಿಲ್ಲ. ಪೆಟ್ಟಿಗೆ ಮುಚ್ಚಿ ಚಹಾ ಕುಡಿಯುವುದು.

ರಿಸೆಟ್ ವಿಷಯಕ್ಕೆ ಬರೋಣ. ಫಿಕ್ಸ್ ಬರಲಿಲ್ಲ ಅಂದ ಕೂಡಲೇ ಕೆಲವರು ಫ್ಯಾಕ್ಟರಿ ರಿಸೆಟ್ ಒತ್ತುತ್ತಾರೆ. ಸುಮ್ನೆ ಕೆಲಸ ಹೆಚ್ಚಿಸಿಕೊಳ್ಳುವುದು. ಆಫ್ ಮಾಡಿ ಆನ್ ಮಾಡುವುದು ಸಿಕ್ಕಿಹಾಕಿಕೊಂಡ ಬ್ಲೂಟೂತಿಗೆ ಸಾಕು. ಯಂತ್ರ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದರೆ ಅಥವಾ ದೂರದೂರಿನಿಂದ ಬಂದಿದ್ದರೆ ಕೋಲ್ಡ್ ಸ್ಟಾರ್ಟ್. ಅಂದರೆ ಉಪಗ್ರಹಗಳ ಹಳೇ ಮಾಹಿತಿ ಅಳಿಸಿ ಹೊಸದು ತುಂಬಿಸುವುದು. ಒಂದು ಉಪಗ್ರಹದ ನಿಖರ ಜಾಗ ಹೇಳುವ ಎಫಿಮೆರಿಸ್ ಅರ್ಧ ನಿಮಿಷದಲ್ಲಿ ಬರುತ್ತದೆ, ಎಲ್ಲ ಉಪಗ್ರಹಗಳ ಒರಟು ಪಟ್ಟಿಯಾದ ಆಲ್ಮನಾಕ್ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ. ಬಯಲಲ್ಲಿಟ್ಟು ಕಾಲು ಗಂಟೆ ಮುಟ್ಟದೆ ಬಿಡಿ. ಫ್ಯಾಕ್ಟರಿ ರಿಸೆಟ್ ಕೊನೆಗೆ, ಅದೂ ಸೆಟ್ಟಿಂಗುಗಳ ಪರದೆಗಳ ಫೋಟೋ ತೆಗೆದಿಟ್ಟ ಮೇಲೆ. ರೇಡಿಯೋ ಚಾನೆಲ್, ಪ್ರೊಟೊಕಾಲ್ (ಬೇಸ್-ರೋವರ್ ಮಾತಾಡುವ ಭಾಷೆ), ಕಾರ್ಸ್‌ನ ಪಾಸ್‌ವರ್ಡ್ ಎಲ್ಲ ಹೋಗಿಬಿಡಬಹುದು.

ಕಾರ್ಸ್‌ನಲ್ಲಿ ಬರುವ ತಕರಾರು ಹೆಚ್ಚಾಗಿ ರಿಸೀವರಿನದ್ದೇ ಅಲ್ಲ. ಡೇಟಾ ಪ್ಯಾಕ್ ಮುಗಿದಿರುತ್ತದೆ, ಅದೇ ಐಡಿಯಲ್ಲಿ ಇನ್ನೊಬ್ಬ ಒಳಗೆ ಕೂತಿರುತ್ತಾನೆ. ಇಲ್ಲವೇ ರೋವರ್ ತನ್ನ ಜಾಗ ತಿಳಿಸುವ ಜಿಜಿಎ ಸಾಲನ್ನು ಕಳಿಸುತ್ತಿರುವುದಿಲ್ಲ. ಅದು ಹೋಗದಿದ್ದರೆ ಹಲವು ಸ್ಟೇಷನ್ ಸೇರಿಸಿ ಕೊಡುವ ನೆಟ್‌ವರ್ಕ್ ಕರೆಕ್ಷನ್ ವಾಪಸ್ ಬರುವುದೇ ಇಲ್ಲ. ಸ್ವಂತ ಬೇಸಿನಲ್ಲಿ ತಕರಾರು ಬೇರೆ ಜಾತಿಯದು. ಎರಡರ ಪ್ರೊಟೊಕಾಲ್ ಬೇರೆಬೇರೆ, ಬೇಸಿನ ಬ್ಯಾಟರಿ ಸತ್ತಿದೆ, ಆಂಟೆನಾ ಎತ್ತರ ತಪ್ಪು ಹಾಕಿದೆ. ಇವನ್ನು ನಾವೇ ಸರಿ ಮಾಡಬಹುದು. ಕಾರ್ಸ್‌ನ ಸರ್ವರ್ ಮಲಗಿದರೆ ನಾವು ಮಾಡುವುದೇನೂ ಇಲ್ಲ.

ಕ್ಯಾಲಿಬ್ರೇಷನ್ನಿನಲ್ಲಿ, ಅಂದರೆ ಯಂತ್ರ ಸರಿಯಿದೆಯಾ ನೋಡುವಲ್ಲಿ, ಪೋಲ್ ನೆಟ್ಟಗಿದೆಯಾ ತೋರಿಸುವ ಗುಳ್ಳೆ ಎರಡು ದಾರಿಗೂ ಒಂದೇ. ಪೋಲನ್ನು ಅರ್ಧ ಸುತ್ತು ತಿರುಗಿಸಿದಾಗ ಗುಳ್ಳೆ ನಡುವಿನಲ್ಲೇ ಇರಬೇಕು. ವಾಲಿಸಿ ಅಳೆಯುವ ಯಂತ್ರವಾದರೆ ತುದಿಯನ್ನು ಒಂದು ಮೊಳೆಯ ಮೇಲಿಟ್ಟು ನಾಲ್ಕೂ ಕಡೆ ವಾಲಿಸಿ ಓದಿ, ನಾಲ್ಕೂ ಕೂಡಬೇಕು.

ದೊಡ್ಡ ವ್ಯತ್ಯಾಸ ಜಾಗದ ಲೆಕ್ಕದಲ್ಲಿದೆ. ಬೇಸನ್ನು ಎಲ್ಲೋ ಇಟ್ಟು 'ಇಲ್ಲೇ' ಅಂತ ಒತ್ತಿದರೆ ತೋಟದ ಆಕಾರ ಸರಿ ಬರುತ್ತದೆ, ಆದರೆ ಇಡೀ ತೋಟ ಒಂದೆರಡು ಮೀಟರ್ ಸರಿದು ಕೂರುತ್ತದೆ. ಪಕ್ಕದ ಜಾಗ ಕಾರ್ಸ್‌ನಲ್ಲಿ ಅಳೆದಿದ್ದರೆ ಎರಡೂ ನಕ್ಷೆ ಒಂದರ ಮೇಲೊಂದು ಹತ್ತುತ್ತವೆ. ಇಲ್ಲಿ ಕಾರ್ಸ್ ಗೆದ್ದಿತು, ಮಾತಿಲ್ಲ.

ಎರಡು ದಾರಿಯಲ್ಲೂ ಜಗಳ ತರುವ ಒಂದು ಸಂಗತಿ ಇದೆ. ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಯುಟಿಎಂ ಪದ್ಧತಿಯಲ್ಲಿ 43ನೇ ವಲಯದ ನಡುಗೆರೆ 75 ಡಿಗ್ರಿ ಪೂರ್ವ. ಕಾಸರಗೋಡು ಪೇಟೆ ಹೆಚ್ಚುಕಡಿಮೆ ಅದರ ಮೇಲೆಯೇ ಇದೆ. ಆ ಗೆರೆಯಲ್ಲಿ ಅಳತೆಯ ಗುಣಾಂಕ 0.9996. ನೆಲದ 100 ಮೀಟರ್ ನಕ್ಷೆಯಲ್ಲಿ 99.96 ಆಗುತ್ತದೆ. ಜಾಗದ ಯಜಮಾನರು ಟೇಪ್ ಹಿಡಿದು "ನಾಲ್ಕು ಸೆಂಟಿಮೀಟರ್ ಎಲ್ಲಿಗೆ ಹೋಯಿತು ಸರ್ವೇಯರೇ?" ಅಂತ ಕೇಳಿಯೇ ಕೇಳುತ್ತಾರೆ. ನೂರು ಸೆಂಟ್ಸ್ ಜಾಗ 99.92 ಆಗಿ ಕಾಣುತ್ತದೆ. ಮೂರು ಚದರ ಮೀಟರಿಗೂ ಸ್ವಲ್ಪ ಜಾಸ್ತಿ. ಯಂತ್ರ ಕೆಟ್ಟಿಲ್ಲ, ರಿಸೆಟ್ ಬೇಡ. ಕಂಟ್ರೋಲರಿನಲ್ಲಿ ನೆಲದ ಅಳತೆ ಅನ್ನುವ ಆಯ್ಕೆ ಹಾಕಿ. ಎತ್ತರದ ಓದು ಮೈನಸ್ ಎಂಬತ್ತು ಚಿಲ್ಲರೆ ಮೀಟರ್ ಕಂಡರೂ ಗಾಬರಿ ಬೇಡ. ನಮ್ಮ ಕರಾವಳಿಯಲ್ಲಿ ಜಿಯಾಯ್ಡ್, ಅಂದರೆ ಸಮುದ್ರಮಟ್ಟದ ಮೈ, ಉಪಗ್ರಹದ ಲೆಕ್ಕದ ಮಟ್ಟಕ್ಕಿಂತ ಅಷ್ಟು ಕೆಳಗಿದೆ, ಜಿಯಾಯ್ಡ್ ಫೈಲ್ ಹಾಕಿದರೆ ಸರಿಯಾಗುತ್ತದೆ.

ಈಗ ಕೊಳ್ಳುವವರಿಗೆ ನನ್ನ ಮಾತು: ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಸೈಟುಗಳೇ ನಿಮ್ಮ ಕೆಲಸವಾದರೆ ರೋವರ್ ಒಂದೇ ಸಾಕು. ರಾಜ್ಯದ ಗಡಿ ಕಡೆಯ ತೋಟಗಳಾದರೆ ಜೋಡಿಯೇ ಬೇಕು. ನಾನು ಜೋಡಿ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ನೆಟ್‌ವರ್ಕ್ ಇರುವ ಗುಡ್ಡೆಯ ನೆತ್ತಿಯಲ್ಲಿ ಒಂದು ಮೊಳೆ ಹೊಡೆದು ಕಾರ್ಸ್‌ನಲ್ಲಿ ಅದರ ಜಾಗ ಹಿಡಿಯುತ್ತೇನೆ. ಅದೇ ಮೊಳೆಯ ಮೇಲೆ ಬೇಸ್ ಕೂರಿಸಿ ರೇಡಿಯೋ ಹಚ್ಚಿ ತೋಟಕ್ಕೆ ಇಳಿಯುತ್ತೇನೆ. ಕೆಲಸ ಮುಗಿದು ಮೇಲೆ ಬಂದಾಗ ಪಕ್ಕದ ಇನ್ನೊಂದು ಗುರುತನ್ನು ಕಾರ್ಸ್‌ನಲ್ಲೊಮ್ಮೆ, ರೇಡಿಯೋದಲ್ಲೊಮ್ಮೆ ಓದಿ ನೋಡುತ್ತೇನೆ. ಮೂರು ಸೆಂಟಿಮೀಟರಿಗಿಂತ ಹೆಚ್ಚು ಬೇರೆಯಾದರೆ ಆ ದಿನದ ಗಡಿಕಲ್ಲು ಹಾಕಿಸುವುದಿಲ್ಲ.