ರೌನೆಖ್ಟೆ ಶಿಬಿರಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ನವೆಂಬರ್ ಬಂತು ಅಂದರೆ ಸಾಕು, ಜರ್ಮನಿಯ ಮ್ಯೂನಿಕ್, ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ಕಡೆ ಇರುವವರ ಇನ್‌ಸ್ಟಾಗ್ರಾಂ ತುಂಬಾ ಒಂದೇ ಥರದ ಜಾಹೀರಾತು. ಕೊಂಬಿನ ಮುಖವಾಡ, ಹಿಮ, ಮೇಣದಬತ್ತಿ. ಕ್ರಾಂಪುಸ್ ಜೊತೆ ನಿಮ್ಮ ನೆರಳನ್ನು ಎದುರಿಸಿ, ಪೆರ್ಖ್ಟಾ ದೇವಿಯ ಹನ್ನೆರಡು ರಾತ್ರಿಗಳು, ಹೀಗೆ. ಶ್ಯಾಡೋ ವರ್ಕ್, ಅಂದರೆ ಮನಸ್ಸಿನೊಳಗೆ ಮುಚ್ಚಿಟ್ಟದ್ದನ್ನು ಎದುರಿಸುವುದು ಅನ್ನುವ ಹೆಸರಿನ ಇಂಥದ್ದೊಂದು ಶಿಬಿರಕ್ಕೆ ನಾನೂ ನನ್ನ ಗೆಳತಿಯೂ ಹೋಗಿ ಬಂದೆವು. ಬಂದಮೇಲೆ ಅವಳು ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡಲಿಲ್ಲ. ನಡೆಸಿದವರ ಹೆಸರು ಹಾಕುವುದಿಲ್ಲ. ಅವರು ನಡೆಸಿದ ರೀತಿ ಗೊತ್ತಾದರೆ ಸಾಕು, ಬೇರೆ ಹೆಸರಿನಲ್ಲಿ ಬಂದರೂ ಗುರುತು ಸಿಗುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಆಲ್ಪ್ಸ್ ಕಡೆಯ ಊರುಗಳಲ್ಲಿ ಡಿಸೆಂಬರ್ 5ರ ರಾತ್ರಿ ಕೊಂಬಿನ ಭೂತ ಕ್ರಾಂಪುಸ್ ಬರುತ್ತಾನೆ. ಮಾರನೇ ದಿನ ಸಂತ ನಿಕೊಲಾಸ್‌ನ ಹಬ್ಬ. ಮರದಲ್ಲಿ ಕೆತ್ತಿದ ಮುಖ, ಮೇಕೆಯದೋ ಕುರಿಯದೋ ತುಪ್ಪಳ, ಸೊಂಟಕ್ಕೆ ದೊಡ್ಡ ಗಂಟೆ, ಕೈಯಲ್ಲಿ ಬರ್ಚ್ ಕಡ್ಡಿಗಳ ಕಟ್ಟು. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗಿನ ರಾತ್ರಿಗಳಿಗೆ ರೌನೆಖ್ಟೆ ಅಂತಾರೆ. ಅದು ಪೆರ್ಖ್ಟಾಳ ಕಾಲ. ಮನೆಯಲ್ಲಿ ನೂಲುವ ಕೆಲಸ ಮುಗಿದಿದೆಯಾ ಅಂತ ನೋಡಲು ಬರುತ್ತಾಳೆ. ಸೋಮಾರಿಗಳ ಹೊಟ್ಟೆ ಸೀಳಿ ಒಣಹುಲ್ಲು ತುಂಬುತ್ತಾಳೆ ಅಂತ ಕಥೆ. ಜಾನಪದ ಕಥೆ ಸಂಗ್ರಹಿಸಿದ ಯಾಕೋಬ್ ಗ್ರಿಮ್ 1835ರಲ್ಲೇ ಅವಳ ಬಗ್ಗೆ ಬರೆದಿದ್ದಾನೆ. ನಮ್ಮ ಕಟ್ಟಡದ ಕೆಳಗಿನ ಮನೆಯ ಅಜ್ಜಿ ಈಗಲೂ ಆ ದಿನಗಳಲ್ಲಿ ಬಟ್ಟೆ ಒಗೆದು ಹರವುವುದಿಲ್ಲ. ಯಾಕೆ ಅಂತ ಕೇಳಿದರೆ ನಗುತ್ತಾರೆ, ಆದರೆ ಹರವುವುದಿಲ್ಲ.

ಈ ಆಚರಣೆಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಆಸ್ಟ್ರಿಯಾದ ಗಾಸ್ಟೈನ್ ಕಣಿವೆಯಲ್ಲಿ ಕ್ರಾಂಪುಸ್ ತಂಡ ಮನೆಗೆ ಬರುವುದನ್ನು ನೋಡಿದ್ದೇನೆ. ತಂಡಕ್ಕೆ ಅಲ್ಲಿ ಪಾಸ್ ಅಂತಾರೆ. ಮೊದಲು ನಿಕೊಲಾಸ್ ಒಳಗೆ ಬಂದು ಮಾತಾಡುತ್ತಾನೆ. ಜೊತೆಗೆ ದೇವದೂತೆ, ಉಡುಗೊರೆಯ ಬುಟ್ಟಿ ಹೊತ್ತವನು. ಆಮೇಲೆ ಕ್ರಾಂಪುಸ್‌ಗಳು ನುಗ್ಗುತ್ತವೆ. ಗಂಟೆಯ ಸದ್ದಿಗೆ ಗಾಜಿನ ಲೋಟ ಅದುರುತ್ತದೆ. ಆದರೆ ಯಜಮಾನಿಕೆ ನಿಕೊಲಾಸ್‌ನದು. ಅವನು ಸಾಕು ಅಂದರೆ ಸಾಕು. ಮನೆಯವರಿಗೂ ಮುಖವಾಡದ ಹಿಂದೆ ಯಾರ ಮಗ ಇದ್ದಾನೆ ಅಂತ ಗೊತ್ತಿರುತ್ತದೆ. ಪಟ್ಟಣಗಳ ದೊಡ್ಡ ಮೆರವಣಿಗೆಗಳಲ್ಲಿ ಪೆಟ್ಟು ಬಿದ್ದದ್ದೂ ಉಂಟು. ಅದಕ್ಕೇ ಹಲವು ಕಡೆ ಅಡ್ಡಗಟ್ಟೆ ಹಾಕುತ್ತಾರೆ, ವೇಷದ ಮೇಲೆ ನಂಬರ್ ಕಟ್ಟುತ್ತಾರೆ. ಯಾರಾದರೂ ಮಿತಿ ಮೀರಿದರೆ ಹಿಡಿಯಬಹುದು, ಅಲ್ವಾ?

ನಾವು ಹೋದ ಕಡೆ ತಡೆಯುವವರು ಯಾರೂ ಇರಲಿಲ್ಲ. ನಿಕೊಲಾಸ್ ಇಲ್ಲ, ನಂಬರ್ ಇಲ್ಲ, ಸಾಕು ಅನ್ನುವ ಹಕ್ಕು ಯಾರಿಗೂ ಇಲ್ಲ. ಹೆದರಿಸುವ ಭಾಗ ಮಾತ್ರ ಇಟ್ಟುಕೊಂಡಿದ್ದರು.

ಸಾಲ್ಜ್‌ಬುರ್ಗ್ ಕಡೆಯ ಬೆಟ್ಟದಲ್ಲಿ ಬಾಡಿಗೆಗೆ ಹಿಡಿದ ಮನೆ. ತಲೆಗೆ 640 ಯೂರೋ, ಊಟ ಸೇರಿ. ಊಟ ಅಂದರೆ ಬರೀ ಸೂಪು, ಶುದ್ಧಿಗಾಗಿ ಅಂತೆ. ಹೋದ ಕೂಡಲೇ ಮೊಬೈಲ್ ಇಸಕೊಂಡರು. ರಾತ್ರಿ ಮೂರು ಗಂಟೆಗೆ ಡೋಲು ಬಾರಿಸಿ ಎಬ್ಬಿಸುತ್ತಿದ್ದರು, ನೆರಳು ಆಗಲೇ ಮಾತಾಡುತ್ತದಂತೆ. ಬರೀ ಹೊಟ್ಟೆ, ಅರ್ಧ ನಿದ್ದೆ, ಹೊರಗೆ ಮೊಣಕಾಲುದ್ದ ಹಿಮ. ಆ ಸ್ಥಿತಿಯಲ್ಲಿ ಯಾರಿಗೆ ಯಾವ ದೇವಿ ಬೇಕಾದರೂ ಕಾಣಿಸಬಹುದು.

ಮುಖ್ಯ ವಿಧಿ ಹೀಗಿತ್ತು. ಎಲ್ಲರೂ ಸುತ್ತ ಕೂರುವುದು. ನಡೆಸುವವಳು ಪೆರ್ಖ್ಟಾಳ ಮುಖವಾಡ ಹಾಕಿಕೊಂಡು ಒಬ್ಬೊಬ್ಬರ ಮುಂದೆ ಬಂದು ನಿಲ್ಲುವುದು. ಮುಖವಾಡ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಒಂದು ಕಣ್ಣು ಇನ್ನೊಂದಕ್ಕಿಂತ ಕೆಳಗೆ, ಮೂಗು ಹಕ್ಕಿಯ ಕೊಕ್ಕಿನಷ್ಟು ಉದ್ದ, ಗಲ್ಲಕ್ಕೆ ಅಂಟಿಸಿದ ಕುದುರೆ ಕೂದಲು. ಅವಳು ಮರದ ಚಾಕು ಹಿಡಿದು ನಮ್ಮ ಹೊಟ್ಟೆಯ ಮೇಲೆ ಗೆರೆ ಎಳೆದು, ಒಳಗಿರುವುದನ್ನು ತೆಗೆ ಅನ್ನುತ್ತಿದ್ದಳು. ಅಂದರೆ ಯಾರಿಗೂ ಹೇಳದ ವಿಷಯವನ್ನು ಎಲ್ಲರೆದುರು ಹೇಳಬೇಕು. ಚಿಕ್ಕಂದಿನಲ್ಲಿ ಆದ ಪೆಟ್ಟು, ಗಂಡನ ಜೊತೆಗಿನ ಜಗಳ, ಏನಾದರೂ ಸರಿ. ಅಳು ಬರುವ ತನಕ ಬಿಡುತ್ತಿರಲಿಲ್ಲ. ಅತ್ತರೆ ಚಪ್ಪಾಳೆ.

ನೂಲು ಮುಗಿಸದ ಸೋಮಾರಿಗಳನ್ನು ಹೆದರಿಸಲು ಹುಟ್ಟಿದ ಹೊಟ್ಟೆ ಸೀಳುವ ಕಥೆಯನ್ನು ಇವರು ಹಳೇ ನೋವಿನ ಆಪರೇಷನ್ ಮಾಡಿಬಿಟ್ಟಿದ್ದರು. ಸಾವಿರಾರು ವರ್ಷಗಳ ವಿಧಿ ಅಂತ ಬೇರೆ ಹೇಳುತ್ತಿದ್ದರು.

ನನ್ನ ಗೆಳತಿ ತನ್ನ ತೀರಿಹೋದ ತಮ್ಮನ ಬಗ್ಗೆ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಅವಳ ಕೈಕಾಲು ನಡುಗುತ್ತಿತ್ತು. ಮುಖವಾಡದವಳು ಆಗಲೇ ಮುಂದಿನವರ ಹತ್ತಿರ ಹೋಗಿಯಾಗಿತ್ತು. ಗೆಳತಿಯನ್ನು ಹಿಡಿದುಕೊಂಡು ಕೂತದ್ದು ನಾನು ಮತ್ತು ಗ್ರಾಟ್ಸ್‌ನಿಂದ ಬಂದಿದ್ದ ಒಬ್ಬ ನರ್ಸ್. ಒಬ್ಬರ ಎದೆಯ ಗಾಯ ಬಿಚ್ಚಿದಮೇಲೆ ಕಟ್ಟುವವರು ಬೇಡವಾ?

ನಾನು ಇದು ಸರಿಯಿಲ್ಲ ಅಂದೆ. ಬಂದ ಉತ್ತರ, "ಇದು ನೀನು ಮಾತಾಡುತ್ತಿರುವುದಲ್ಲ, ನಿನ್ನ ನೆರಳು." ಇದೊಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹಸಿವು ಅಂದರೂ ನೆರಳು, ಚಳಿ ಅಂದರೂ ನೆರಳು, ದುಡ್ಡು ವಾಪಸ್ ಕೊಡಿ ಅಂದರೂ ನೆರಳು. ಆಕ್ಷೇಪಣೆಗೆ ಬೇರೆ ಅರ್ಥವೇ ಇಲ್ಲದ ಜಾಗದಲ್ಲಿ ನಿಲ್ಲಬೇಡಿ, ಬ್ಯಾಗ್ ಎತ್ತಿಕೊಂಡು ಹೊರಡಿ. ನೆರಳು ಅನ್ನುವುದನ್ನು ಮನಶ್ಶಾಸ್ತ್ರಕ್ಕೆ ತಂದ ಕಾರ್ಲ್ ಯುಂಗ್ ಇದೇ ಆಲ್ಪ್ಸ್ ಸೀಮೆಯವನು, ಸ್ವಿಟ್ಜರ್ಲೆಂಡಿನವನು. ನಮ್ಮದು ಅಂತ ಒಪ್ಪಿಕೊಳ್ಳಲು ಮನಸ್ಸಾಗದ ನಮ್ಮದೇ ಭಾಗಕ್ಕೆ ಅವನು ಆ ಹೆಸರು ಕೊಟ್ಟ. ಅದನ್ನು ನೋಡಿಕೊಳ್ಳುವುದು ನಿಧಾನದ ಕೆಲಸ. ಬೇರೆಯವರ ಬಾಯಿ ಮುಚ್ಚಿಸಲು ಬಳಸುವ ಪದ ಅದಲ್ಲ.

ಇನ್ನು ಹೊಗೆಯ ವಿಷಯ. ನಿಜವಾಗಿ ಜೀವಕ್ಕೆ ಅಪಾಯ ಬಂದದ್ದು ಇಲ್ಲೇ. ರೌನೆಖ್ಟೆಯಲ್ಲಿ ಮನೆಗೆ ಹೊಗೆ ಹಾಕುವುದು ಹಳೇ ಪದ್ಧತಿ. ಬಾಣಲೆಯಲ್ಲಿ ಕೆಂಡ, ಅದರ ಮೇಲೆ ಧೂಪ, ಜುನಿಪರ್, ಮಾಚಿಪತ್ರೆಯ ಜಾತಿಯ ಬೈಫೂಸ್ ಸೊಪ್ಪು. ಊರವರು ಅದನ್ನು ಹಿಡಿದು ಕೋಣೆ ಕೋಣೆ ಸುತ್ತಿ ಕೊಟ್ಟಿಗೆಗೂ ಹೋಗಿ ಬರುತ್ತಾರೆ. ಇವರು ನಮ್ಮನ್ನು ಅಟ್ಟದ ಕೋಣೆಯಲ್ಲಿ ಕೂರಿಸಿ, ಬಾಗಿಲು ಕಿಟಕಿ ಮುಚ್ಚಿ, ಸಂದಿಗೆ ಕಂಬಳಿ ತುರುಕಿದರು. ಆತ್ಮಗಳು ಹೊರಗೆ ಹೋಗಬಾರದಂತೆ. ನಡುವೆ ಮರಳು ತುಂಬಿದ ಹಿತ್ತಾಳೆ ಬಟ್ಟಲು. ಅದರಲ್ಲಿ ಹುಕ್ಕಾಕ್ಕೆ ಹಾಕುತ್ತಾರಲ್ಲ, ಆ ಥರದ ಇದ್ದಿಲು ಬಿಲ್ಲೆಗಳು ರಾಶಿ ರಾಶಿ. ಒಂದು ಆರುವ ಮುಂಚೆ ಇನ್ನೊಂದು ಇಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಹಣೆಯ ಎರಡೂ ಕಡೆ ಬಿಗಿಯತೊಡಗಿತು. ಪಕ್ಕದವರಿಗೆ ವಾಕರಿಕೆ. ಗೆಳತಿ ತಲೆ ಸುತ್ತುತ್ತಿದೆ ಅಂತ ಗೋಡೆಗೆ ಒರಗಿದಳು. ನಡೆಸುವವಳು ಖುಷಿಯಿಂದ, ಬಾಗಿಲು ತೆರೆಯುತ್ತಿದೆ, ಬಿಡಬೇಡಿ ಅಂದಳು. ಆ ನರ್ಸ್ ಎದ್ದು ಕಂಬಳಿ ಕಿತ್ತೆಸೆದು ಕಿಟಕಿ ತೆರೆದಳು. ಕಾರ್ಬನ್ ಮೊನಾಕ್ಸೈಡ್ ಅಂತ ಕೂಗಿ ಎಲ್ಲರನ್ನೂ ಕೆಳಗೆ ಇಳಿಸಿದಳು. ಇದ್ದಿಲು ಉರಿದಾಗ ಬರುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು. ಮುಚ್ಚಿದ ಕೋಣೆಯಲ್ಲಿ ಇಷ್ಟು ಜನ ಕೂತು ಕೆಂಡ ಇಟ್ಟುಕೊಂಡರೆ ಬೇರೆ ಯಾವ ಶಕ್ತಿಯೂ ಬೇಕಿಲ್ಲ. ನಿಮಗೆಲ್ಲಾದರೂ ಹೀಗಾದರೆ ಎಲ್ಲರೂ ಮೊದಲು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಮೊಬೈಲ್ ಕೊಡಬೇಡಿ ಅನ್ನುವುದೂ ಇದಕ್ಕೇ. ನಮ್ಮ ಮೊಬೈಲ್‌ಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದವು, ಬೀಗದ ಕೈ ಮುಖವಾಡದವಳ ಹತ್ತಿರ.

ಮಧ್ಯೆ ಒಂದು ಮಾತು. ನಾವಿಬ್ಬರೂ ಭಾರತದವರು ಅಂತ ಗೊತ್ತಾದ ಮೇಲೆ ನಮ್ಮನ್ನು ವಿಶೇಷವಾಗಿ ಹಿಡಿದುಕೊಂಡರು. ಪೆರ್ಖ್ಟಾ ಅಂದರೆ ನಿಮ್ಮ ಕಾಳಿಯೇ, ನಿಮ್ಮ ರಕ್ತದಲ್ಲೇ ಇದೆ ಅಂತ. ಮುಂದಿನ ಹಂತಕ್ಕೆ ನೀವೇ ಸರಿಯಾದವರು ಅಂತ. ಆ ಮುಂದಿನ ಹಂತಕ್ಕೆ 1,900 ಯೂರೋ. ಕಾಳಿಗೆ ಇಷ್ಟು ರೇಟು ನಮ್ಮೂರಲ್ಲಿ ಯಾರೂ ಹೇಳಿದ್ದು ಕೇಳಿಲ್ಲಪ್ಪ.

ಬೆಳಗ್ಗೆ ನಾವು ಹೊರಟೆವು. ದುಡ್ಡು ವಾಪಸ್ ಬರಲಿಲ್ಲ. ಜರ್ಮನಿಯಲ್ಲಿ ಆನ್‌ಲೈನ್‌ನಲ್ಲಿ ಮಾಡಿದ ಒಪ್ಪಂದವನ್ನು ಸಾಮಾನ್ಯವಾಗಿ 14 ದಿನದೊಳಗೆ ರದ್ದು ಮಾಡಬಹುದು. ಆದರೆ ದಿನಾಂಕ ಗೊತ್ತುಮಾಡಿದ ವಾಸ್ತವ್ಯ, ಮನರಂಜನೆಯಂಥವಕ್ಕೆ ವಿನಾಯಿತಿ ಇದೆ. ಅವರು ಅದನ್ನೇ ಗಟ್ಟಿಯಾಗಿ ಹಿಡಿದರು. ಜಾಹೀರಾತಿನಲ್ಲಿ ಗುಣವಾಗುತ್ತದೆ ಅಂದವರು ಕಾಗದದಲ್ಲಿ ಅದನ್ನು ಮನರಂಜನೆ ಮಾಡಿದ್ದರು.

ಅದಕ್ಕಿಂತ ಜಾಸ್ತಿ ಚಿಂತೆ ಆಗಿದ್ದು ರೆಕಾರ್ಡಿಂಗ್‌ದು. ಆ ಸುತ್ತು ಕೂತು ಹೇಳಿದ್ದನ್ನೆಲ್ಲ ಆಮೇಲೆ ಕೇಳಿಕೊಳ್ಳಲು ಅಂತ ರೆಕಾರ್ಡ್ ಮಾಡಿದ್ದರು. ಗೆಳತಿಯ ತಮ್ಮನ ಕಥೆಯೂ ಅದರಲ್ಲಿದೆ. ಯುರೋಪಿನ ಡೇಟಾ ರಕ್ಷಣಾ ಕಾನೂನಿನ 17ನೇ ವಿಧಿ ಹಿಡಿದು ಅಳಿಸಿ ಅಂತ ಇಮೇಲ್ ಮಾಡಿದೆವು. ಒಂದು ತಿಂಗಳೊಳಗೆ ಉತ್ತರ ಕೊಡಬೇಕು ಅಂತ ನಿಯಮ. ಮೊದಲು ಸುಮ್ನೆ ಇದ್ದರು. ಡೇಟಾ ರಕ್ಷಣಾ ಕಚೇರಿಗೆ ದೂರು ಕೊಡುತ್ತೇವೆ ಅಂದಮೇಲೆ ಅಳಿಸಿದೆವು ಅಂತ ಒಂದೇ ಸಾಲು ಬಂತು. ಅಳಿಸಿದರಾ ಇಲ್ಲವಾ, ದೇವರೇ ಬಲ್ಲ.

ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಕ್ರಿಸ್‌ಮಸ್‌ಗೆ ಆಫೀಸು, ಅಂಗಡಿ ಎಲ್ಲ ಬಂದ್. ಸಹೋದ್ಯೋಗಿಗಳು ಅವರವರ ಮನೆಗೆ. ಮನೆಬಿಟ್ಟು ಬಂದವರಿಗೆ ಆ ದಿನಗಳು ಭಾರ. ಇಂಥ ಜಾಹೀರಾತು ಬರುವುದೂ ಆಗಲೇ. ಹೋಗಲೇಬೇಕು ಅನಿಸಿದರೆ ನಡೆಸುವವರ ಓದು ಏನು ಅಂತ ಕೇಳಿ. ಜರ್ಮನಿಯಲ್ಲಿ ಪ್ಸಿಕೊತೆರಪೊಯ್ಟ್ (ಮನೋಚಿಕಿತ್ಸಕ) ಅಂತ ಹಾಕಿಕೊಳ್ಳಲು 1999ರಿಂದ ಕಾನೂನಿನ ಲೈಸೆನ್ಸ್ ಬೇಕು. ಕೋಚ್ ಅಂತ ನಾಳೆ ಬೆಳಗ್ಗೆ ನಾನೂ ಹಾಕಿಕೊಳ್ಳಬಹುದು. ರಾತ್ರಿ ಯಾರಿಗಾದರೂ ತೊಂದರೆಯಾದರೆ ಏನು ಮಾಡುತ್ತೀರಿ ಅಂತಲೂ ಕೇಳಿ. ನಮ್ಮ ಶಿಬಿರದವರು ಇದಕ್ಕೆ, ಆತ್ಮಗಳು ಕಾಪಾಡುತ್ತವೆ ಅಂದಿದ್ದರು.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಕೊಂಡವರು ನಿಮ್ಮ ಊರಿನ ಗ್ರಾಹಕ ಸಲಹಾ ಕೇಂದ್ರವಾದ ಫೆರ್‌ಬ್ರೌಖರ್‌ತ್ಸೆಂಟ್ರಾಲೆಗೆ ಒಪ್ಪಂದದ ಕಾಗದ ತೆಗೆದುಕೊಂಡು ಹೋಗಿ. ಆಸ್ಟ್ರಿಯಾದಲ್ಲಿದ್ದರೆ ವಿಯೆನ್ನಾದ ಬುಂಡೆಸ್‌ಸ್ಟೆಲ್ಲೆ ಫ್ಯೂರ್ ಸೆಕ್ಟನ್‌ಫ್ರಾಗನ್ ಕಚೇರಿ ಇಂಥ ಗುಂಪುಗಳ ಬಗ್ಗೆಯೇ ಸಲಹೆ ಕೊಡುತ್ತದೆ. ರಾತ್ರಿ ಹೆದರಿಕೆಯಾಗಿ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಜರ್ಮನಿಯ ಸಹಾಯವಾಣಿ ಟೆಲೆಫೋನ್‌ಸೇಲ್‌ಸೋರ್ಗೆ ಇದೆ, 0800 1110111, ಉಚಿತ, ದಿನದ 24 ಗಂಟೆಯೂ. ಗೆಳತಿಗೆ ಜರ್ಮನ್‌ನಲ್ಲಿ ತಮ್ಮನ ವಿಷಯ ಹೇಳಲು ಆಗಲಿಲ್ಲ. ಬೆಂಗಳೂರಿನ ಒಬ್ಬ ಆಪ್ತ ಸಮಾಲೋಚಕರು ವಿಡಿಯೋ ಕರೆಯಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದಾರೆ. ವಾರಕ್ಕೊಂದು ಸಲ, ಮುಕ್ಕಾಲು ಗಂಟೆ. ಈಗ ರಾತ್ರಿ ಮೂರಕ್ಕೆ ಎಚ್ಚರವಾಗುವುದು ಕಡಿಮೆಯಾಗಿದೆ ಅಂತಾಳೆ.

ಜರ್ಮನ್‌ನಲ್ಲಿರುವ ಒಪ್ಪಂದ ಅರ್ಥವಾಗದಿದ್ದರೆ ಸಹಿ ಹಾಕುವ ಮುಂಚೆ ನನಗೆ ಮೆಸೇಜ್ ಮಾಡಿ, ಓದಿ ಹೇಳುತ್ತೇನೆ.